ಗ್ಲಾಕೋಮಾ ಆಪರೇಷನ್‌ಗಳಲ್ಲಿ ಯಾವುದರ ಸಕ್ಸಸ್ ಜಾಸ್ತಿ?

ದೊಡ್ಡಪ್ಪನಿಗೆ ಟ್ರಾಬ್ (ಕಣ್ಣಿನೊಳಗಿನ ನೀರು ಇಳಿಯೋಕೆ ಹೊಸ ದಾರಿ ಮಾಡೋ ಆಪರೇಷನ್) ಆಗಿ ಕಣ್ಣಿನ ಪ್ರೆಷರ್ ಇಳಿದಿದೆ, ಆ್ಯಂಗಲ್ ಕ್ಲೋಶರ್ (ಆ ನೀರು ಹರಿದುಹೋಗೋ ಮೂಲೆ ಮುಚ್ಚಿಕೊಳ್ಳೋದು) ಇರೋ ಅಮ್ಮನಿಗೆ ಮಾತ್ರ ಡಾಕ್ಟರ್ ಲೆನ್ಸ್ ತೆಗೆಯೋಣ ಅಂತಾರೆ, ಯಾವುದು ವಾಸಿ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಲೆಕ್ಕಾಚಾರ ನಡೆದಿತ್ತು. ಅಪ್ಪನ ಎಡಗಣ್ಣು ಹೋಯ್ತು.

ಪಕ್ಕದ ಮನೆ ಅಂಕಲ್‌ಗೆ ಇದ್ದದ್ದು ಓಪನ್ ಆ್ಯಂಗಲ್ ಗ್ಲಾಕೋಮಾ, ಅಂದರೆ ಆ ಮೂಲೆ ತೆರೆದೇ ಇರೋದು. ಟ್ರಾಬ್ ಆದ ಮೇಲೆ ಅವರಿಗೆ ಡ್ರಾಪ್ಸ್ ಕೂಡ ಬೇಕಾಗಲಿಲ್ಲ. ಅಪ್ಪನದು ಶುಗರ್‌ನಿಂದ ಬಂದ ನಿಯೋವ್ಯಾಸ್ಕುಲರ್ ಗ್ಲಾಕೋಮಾ. ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಟ್ರಾಬ್ ಮಾಡಿದರು, ರೆಟಿನಾಗೆ ಲೇಸರ್ ಮಾಡಿಸಲೇಬೇಕು ಅಂತ ಬರೆದುಕೊಟ್ಟರು. ಚೆಕಪ್‌ನಲ್ಲಿ ಪ್ರೆಷರ್ 14 ಬಂತು. ಅದನ್ನು ನೋಡಿ ಲೇಸರ್ ಆಮೇಲೆ ಮಾಡಿಸಿದರಾಯ್ತು ಅಂದೆ. ಅಂಕಲ್‌ಗೆ ಯಾವ ಲೇಸರೂ ಇರಲಿಲ್ಲವಲ್ಲ!

ಆ ಲೇಸರ್ ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ತಿಳಿಯಿತು. ಶುಗರ್‌ನಿಂದ ರೆಟಿನಾಗೆ ರಕ್ತ ಸಾಲದೆ ಹೋದಾಗ ಅದು ವಿಇಜಿಎಫ್ ಅನ್ನೋ ವಸ್ತುವನ್ನು ಬಿಡುತ್ತೆ. ಅದರಿಂದ ಹೊಸ ರಕ್ತನಾಳಗಳು ಹುಟ್ಟಿ, ಕಣ್ಣಿನೊಳಗಿನ ನೀರು ಹರಿದುಹೋಗುವ ಮೂಲೆಯನ್ನೇ ಮುಚ್ಚಿಬಿಡುತ್ತವೆ. ಇಂಜೆಕ್ಷನ್ ಅದನ್ನು ಕೆಲವು ವಾರ ತಡೆಯುತ್ತೆ, ಅಷ್ಟೇ. ಮೂಲಕ್ಕೆ ಮದ್ದು ಅಂದರೆ ಲೇಸರ್. ಅದು ಆಗದ ಅಪ್ಪನ ಕಣ್ಣಲ್ಲಿ ರಕ್ತನಾಳಗಳು ಮತ್ತೆ ಬೆಳೆದವು. ಮೇಲುರೆಪ್ಪೆ ಎತ್ತಿದರೆ, ನೀರು ಇಳಿಯಲೆಂದು ಮಾಡಿದ್ದ ಸಣ್ಣ ಉಬ್ಬು ಚಪ್ಪಟೆಯಾಗಿ ಕೆಂಪು ಗೆರೆಗಳಿಂದ ತುಂಬಿತ್ತು. ಪ್ರೆಷರ್ 40 ದಾಟಿತ್ತು. ರಾತ್ರಿಯೆಲ್ಲಾ ಹಣೆ ಹಿಡಿದುಕೊಂಡು ಕೂರುತ್ತಿದ್ದರು. ಕೊನೆಗೆ ಟ್ಯೂಬ್ ಹಾಕಿ ಪ್ರೆಷರ್ ಇಳಿಸಿದರು. ಅಷ್ಟರಲ್ಲಿ ಕಣ್ಣಿನ ನರ ಸತ್ತಿತ್ತು, ಹೋದ ದೃಷ್ಟಿ ಬರಲಿಲ್ಲ.

ಅದಕ್ಕೇ ಹೇಳ್ತೀನಿ, ದೊಡ್ಡಪ್ಪನ ಕಣ್ಣನ್ನೂ ಅಮ್ಮನ ಕಣ್ಣನ್ನೂ ಹೋಲಿಸಲೇಬೇಡಿ. ಸಕ್ಸಸ್ ಪರ್ಸೆಂಟ್ ನಂಬಿಕೊಂಡೂ ಕೂರಬೇಡಿ. ಎಷ್ಟೋ ಅಧ್ಯಯನಗಳಲ್ಲಿ ಸಕ್ಸಸ್ ಅಂದರೆ ಪ್ರೆಷರ್ 21ರ ಒಳಗಿರೋದು. ಡ್ರಾಪ್ಸ್ ಇಲ್ಲದೆ ಇಳಿದದ್ದು ಬೇರೆ, ಡ್ರಾಪ್ಸ್ ಹಾಕಿಕೊಂಡು ಇಳಿದದ್ದು ಬೇರೆ.

ನಿಮ್ಮ ಅಮ್ಮನ ಡಾಕ್ಟರ್ ಸರಿಯಾಗೇ ಹೇಳುತ್ತಿದ್ದಾರೆ ಅಂತ ನನಗನ್ನಿಸುತ್ತೆ. ವಯಸ್ಸಾದಂತೆ ಲೆನ್ಸ್ ದಪ್ಪಗಾಗಿ ಐರಿಸ್ ಅನ್ನು ಮುಂದಕ್ಕೆ ತಳ್ಳುತ್ತೆ, ಮೂಲೆ ಕಿರಿದಾಗುತ್ತೆ. ಲೆನ್ಸ್ ತೆಗೆದರೆ ಜಾಗ ಬಿಡುತ್ತೆ. 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನದಲ್ಲಿ ಇದ್ದವರು 50 ದಾಟಿದ, ಪೊರೆ ಇಲ್ಲದ ಆ್ಯಂಗಲ್ ಕ್ಲೋಶರ್ ರೋಗಿಗಳು. ಅವರಲ್ಲೂ ಲೇಸರ್‌ನಿಂದ ಐರಿಸ್‌ಗೆ ತೂತು ಮಾಡೋದಕ್ಕಿಂತ ಲೆನ್ಸ್ ತೆಗೆದದ್ದೇ ಒಳ್ಳೇದಾಯ್ತು. ಇಂಥ ಕಿರಿದಾದ ಕಣ್ಣಿಗೆ ಟ್ರಾಬ್ ಮಾಡಿದರೆ ನೀರು ಹಿಂದಕ್ಕೆ ಸೇರಿಕೊಂಡು ಪ್ರೆಷರ್ ಏರುವ ಅಪಾಯವೂ ಬೇರೆ ಕಣ್ಣುಗಳಿಗಿಂತ ಜಾಸ್ತಿ.

ಆದರೆ ಮೂಲೆ ಆಗಲೇ ತುಂಬಾ ಅಂಟಿಕೊಂಡಿದ್ದರೆ ಲೆನ್ಸ್ ಒಂದೇ ಸಾಲದಿರಬಹುದು. ಎಷ್ಟು ಅಂಟಿದೆ, ನರ ಎಷ್ಟು ಹಾಳಾಗಿದೆ, ಟಾರ್ಗೆಟ್ ಪ್ರೆಷರ್ ಎಷ್ಟು ಅಂತ ಕೇಳಿ, ಬರೆಸಿಕೊಳ್ಳಿ. ಇದು ಮನೆತನದಲ್ಲಿ ಬರೋ ಕಾಯಿಲೆ. ಅಮ್ಮನ ಜತೆ ಹೋದಾಗ ನೀವೂ ಗೋನಿಯೋಸ್ಕೋಪಿ (ಆ ಮೂಲೆ ನೋಡೋ ಪರೀಕ್ಷೆ) ಮಾಡಿಸಿಕೊಳ್ಳಿ, ಅಣ್ಣತಮ್ಮ ಅಕ್ಕತಂಗಿಯರಿಗೂ ಹೇಳಿ.