ಸೋಫಾ ಮೇಲೆ ಬೇಸ್ ಇಲ್ಲ, ಅಡುಗೆಮನೆ ಬಾಗಿಲಲ್ಲಿ ಗುಡುಗು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 14 ಅಡಿ ಉದ್ದ, 11 ಅಡಿ ಅಗಲದ ಹಾಲ್. ಉದ್ದದ ಗೋಡೆಗೆ ಟಿವಿ, ಅದರ ಆಚೀಚೆ 5 ಇಂಚಿನ ಎರಡು ಪುಟ್ಟ ಸ್ಪೀಕರ್, ಇವಕ್ಕೆಲ್ಲ ಸದ್ದು ಹಂಚುವ ಒಂದು ರಿಸೀವರ್, ಮೂಲೆಯಲ್ಲಿ ಆಳದ ಸದ್ದಿಗೆಂದೇ ಇರುವ ಹೊಸ 10 ಇಂಚಿನ ಸಬ್‌ವೂಫರ್. ಎದುರು ಗೋಡೆಗೆ ಒರಗಿಸಿ, ಸರಿಯಾಗಿ ಮಧ್ಯದಲ್ಲಿ ಸೋಫಾ. ಅಲ್ಲಿ ಕೂತರೆ ಯಾವುದೋ ಒಂದೇ ಸ್ವರ ಗುಂಯ್ ಅನ್ನುತ್ತದೆ, ಬೇಸ್, ಅಂದರೆ ಆಳದ ಸದ್ದು, ಇಲ್ಲವೇ ಇಲ್ಲ. ಎದ್ದು ಹಾಲ್‌ನ ತುದಿಗೆ, ಅಡುಗೆಮನೆ ಬಾಗಿಲಿಗೆ ಹೋದರೆ ಅದೇ ಹಾಡು ಗುಡುಗುತ್ತದೆ. ಸಬ್‌ವೂಫರ್ ಕೆಟ್ಟಿದೆಯಾ, ವಾಪಸ್ ಕೊಡಲಾ ಅಂತ ಕೇಳಿದ್ದೀರಿ.

ಕೊಡಬೇಡಿ. ಅದು ಕೆಟ್ಟಿಲ್ಲ. ನನಗೂ ಹೀಗೇ ಆಗಿತ್ತು. ಅಂಗಡಿಯಿಂದ ಬಂದ ಹುಡುಗ ಡಬ್ಬ ಬಿಚ್ಚಿ, ಮೂಲೆಗೆ ತಳ್ಳಿ, ವಾಲ್ಯೂಮ್ ಮುಕ್ಕಾಲಿಗೆ ತಿರುಗಿಸಿ 'ಈಗ ಕೇಳಿ ಸರ್' ಅಂದು ಹೊರಟುಹೋದ. ನಾನು ನಾಲ್ಕು ತಿಂಗಳು ಆ ಗುಂಡಿಯನ್ನೇ ಹಿಂದೆ ಮುಂದೆ ತಿರುಗಿಸುತ್ತಾ ಕಳೆದೆ. ಊರಿಂದ ಬಂದಿದ್ದ ಅಮ್ಮ ಒಂದು ಸಂಜೆ 'ಮೇಲಿನ ಮನೆಯವರು ಇಷ್ಟೊತ್ತಲ್ಲಿ ಗ್ರೈಂಡರ್ ಹಾಕಿದಾರಾ?' ಅಂದರು. ಮೇಲಿನ ಮನೆ ಖಾಲಿ ಇತ್ತು.

ಮೊದಲು ಒಂದು ಲೆಕ್ಕ ಮಾಡೋಣ. ಸದ್ದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸಿದರೆ ಆ ಸ್ವರ ಕೋಣೆಯಲ್ಲಿ ಬೀಡುಬಿಟ್ಟು ನಿಲ್ಲುತ್ತದೆ. ಯಾವ ಸ್ವರ ಅಂತ ತಿಳಿಯಲು 1130ರ ಅರ್ಧ, ಅಂದರೆ 565 ಅನ್ನು ಗೋಡೆಯಿಂದ ಗೋಡೆಗೆ ಎಷ್ಟು ಅಡಿಯೋ ಅದರಿಂದ ಭಾಗಿಸಿ. ನಿಮ್ಮ ಅಗಲ 11 ಅಡಿ, ಅಂದರೆ 51 ಹರ್ಟ್ಜ್ (ಸೆಕೆಂಡಿಗೆ 51 ಕಂಪನ). ಉದ್ದ 14 ಅಡಿ, ಅಂದರೆ 40 ಹರ್ಟ್ಜ್.

ಹೀಗೆ ನಿಂತ ಸದ್ದು ಪಾರ್ಕಿನ ಸೀಸಾ ಇದ್ದ ಹಾಗೆ. ಎರಡು ತುದಿ ಜೋರಾಗಿ ಏರಿಳಿಯುತ್ತವೆ, ನಟ್ಟನಡುವೆ ಅಲುಗಾಟವೇ ಇಲ್ಲ. ಈಗ ನಿಮ್ಮ ಸೋಫಾ ನೋಡಿ. ಅಗಲದ ಲೆಕ್ಕದಲ್ಲಿ ನೀವು ಸೀಸಾದ ತುದಿಯಲ್ಲಿ, ಗೋಡೆಗೆ ತಲೆ ಕೊಟ್ಟು ಕೂತಿದ್ದೀರಿ. ಹಾಗಾಗಿ 51 ಪೂರ್ತಿ ಜೋರು. ಉದ್ದದ ಲೆಕ್ಕದಲ್ಲಿ ನಟ್ಟನಡುವೆ ಇದ್ದೀರಿ. ಹಾಗಾಗಿ 40 ಮಾಯ. ಅಡುಗೆಮನೆ ಬಾಗಿಲು ಉದ್ದದ ತುದಿಯಲ್ಲಿದೆ, ಕಳೆದುಹೋದ 40 ಅಲ್ಲಿ ಸಿಗುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಬರಿದಾಗಿ ಮೀಟಿದರೆ 41 ಹರ್ಟ್ಜ್ ಆಸುಪಾಸು, ಅದೇ ತಂತಿಯನ್ನು ನಾಲ್ಕನೇ ಮನೆಯಲ್ಲಿ ಒತ್ತಿದರೆ 52. ಒಂದೇ ತಂತಿಯಲ್ಲಿ ಒಂದು ಸ್ವರ ಕಾಣೆ, ಇನ್ನೊಂದು ಗುಂಯ್. ವಾಲ್ಯೂಮ್ ಗುಂಡಿಯಿಂದ ಇದನ್ನು ಸರಿಮಾಡಲು ಆಗುವುದಿಲ್ಲ, ಅದು ಎರಡನ್ನೂ ಒಟ್ಟಿಗೇ ಏರಿಸುತ್ತದೆ ಅಥವಾ ಇಳಿಸುತ್ತದೆ.

ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆ ಹೆಚ್ಚಾಗಿ ಅಮೆರಿಕದವರದ್ದು. ಅಲ್ಲಿ ಬಹಳ ಮನೆಗಳ ಗೋಡೆ ಅಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಅದು ಸ್ವಲ್ಪ ಬಾಗುತ್ತದೆ, ಬೇಸ್ ಒಂದಷ್ಟು ಅದರಲ್ಲೇ ಇಂಗುತ್ತದೆ, ಒಂದಷ್ಟು ಹೊರಗೆ ಸೋರುತ್ತದೆ. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕು, ಮೇಲೆ ಕಾಂಕ್ರೀಟ್ ಚಾವಣಿ. ಬೇಸ್ ಒಳಗೇ ಪುಟಿಯುತ್ತದೆ. ಹಾಗಾಗಿ ನಮ್ಮಲ್ಲಿ ಈ ಕಾಟ ಜಾಸ್ತಿ. ಎರಡಿಂಚಿನ ಫೋಮ್ ತಂದು ಗೋಡೆಗೆ ಅಂಟಿಸಬೇಡಿ, 50 ಹರ್ಟ್ಜ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಮಾಡಬೇಕಾದದ್ದು ಜಾಗ ಬದಲಿಸುವುದು. ಸಬ್‌ವೂಫರ್ ಈಗ ಮೂಲೆಯಲ್ಲಿ, ಅಂದರೆ ಎರಡೂ ಸೀಸಾಗಳ ತುದಿಯಲ್ಲಿ ಕೂತು ಎರಡನ್ನೂ ಒದೆಯುತ್ತಿದೆ. ಅದನ್ನು 11 ಅಡಿಯ ಪಕ್ಕದ ಗೋಡೆಯ ಮಧ್ಯಕ್ಕೆ, ಮೂಲೆಯಿಂದ ಐದೂವರೆ ಅಡಿಗೆ ತನ್ನಿ. ಅಲ್ಲಿಂದ 51ರ ಸೀಸಾವನ್ನು ಒದೆಯಲು ಆಗುವುದಿಲ್ಲ, ನಡುವೆ ನಿಂತು ಸೀಸಾ ಆಡಿಸಿದ ಹಾಗೆ. ಗುಂಯ್ ಅನ್ನುವುದು ಅರ್ಧಕ್ಕರ್ಧ ಅಲ್ಲೇ ಇಳಿಯುತ್ತದೆ. ಸೋಫಾ ಒಂದಡಿ ಮುಂದೆ ಎಳೆದರೆ ಸಾಕು ಅಂತ ಕೆಲವರು ಹೇಳುತ್ತಾರೆ. 51ಕ್ಕೆ ಅದು ಸಾಲದು, ಮೂರಡಿಯಾದರೂ ಬೇಕು. ನಮ್ಮ ಹಾಲ್‌ಗಳಲ್ಲಿ ಮೂರಡಿ ಎಳೆದರೆ ಓಡಾಡುವುದು ಎಲ್ಲಿ? ಅದರ ಬದಲು 40 ವಾಪಸ್ ಬರಲು ಸೋಫಾವನ್ನು ಎರಡಡಿ ಪಕ್ಕಕ್ಕೆ ಸರಿಸಿ. ಟಿವಿ ಎದುರು ಇಲ್ಲ ಅಂತ ಮನೆಯಲ್ಲಿ ಗಲಾಟೆ ಆದರೆ, ಸೋಫಾದ ಕೊನೆಯ ಸೀಟನ್ನು ನಿಮ್ಮದು ಮಾಡಿಕೊಳ್ಳಿ.

ಲೆಕ್ಕ ಬೇಡ ಅನ್ನಿಸಿದರೆ ಅಂಬೆಗಾಲಿನ ದಾರಿ ಇದೆ. ಸಬ್‌ವೂಫರನ್ನೇ ಎತ್ತಿ ಸೋಫಾದಲ್ಲಿ ನಿಮ್ಮ ಜಾಗದಲ್ಲಿ ಕೂರಿಸಿ. ಬೇಸ್ ಸ್ವರಗಳು ಮೇಲೆ ಕೆಳಗೆ ಓಡಾಡುವ ಹಾಡೊಂದನ್ನು ಹಾಕಿ. ಗೋಡೆಯಗುಂಟ ಅಂಬೆಗಾಲಿಡುತ್ತಾ ಹೋಗಿ. ಎಲ್ಲ ಸ್ವರವೂ ಹೆಚ್ಚುಕಮ್ಮಿ ಒಂದೇ ಸಮ ಕೇಳುವ ಜಾಗ ಸಿಕ್ಕರೆ ಸಬ್‌ವೂಫರ್ ಅಲ್ಲಿಡಿ. ಕೇಳುವವನೂ ಪೆಟ್ಟಿಗೆಯೂ ಜಾಗ ಅದಲುಬದಲು ಮಾಡಿಕೊಂಡರೂ ಫಲ ಒಂದೇ. ನಾನು ಮಾಡುವಾಗ ಮಗಳು ಬೆನ್ನೇರಿ ಕುದುರೆ ಸವಾರಿ ಮಾಡಿದ್ದಳು, ಅದರ ನಡುವೆಯೂ ಕಿಟಕಿ ಕೆಳಗಿನ ಜಾಗ ಸಿಕ್ಕಿತು.

ಜಾಗ ಆದ ಮೇಲೆ ಗುಂಡಿಗಳು. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು 'ಸ್ಮಾಲ್' ಅಂತ ಇಡಿ. ಅವಮಾನ ಏನಿಲ್ಲ, ಕೆಳಗಿನ ಸದ್ದನ್ನು ಸಬ್‌ವೂಫರ್‌ಗೆ ಕಳಿಸು ಅಂತಷ್ಟೇ ಅದರ ಅರ್ಥ. ಕ್ರಾಸ್‌ಓವರ್, ಅಂದರೆ ಎಲ್ಲಿಂದ ಕೆಳಗಿನ ಸದ್ದು ಸಬ್‌ವೂಫರ್‌ಗೆ ಅನ್ನುವ ಗಡಿ, 80 ಹರ್ಟ್ಜ್‌ನಿಂದ ಶುರು ಮಾಡಿ. 5 ಇಂಚಿನ ಸ್ಪೀಕರ್ ತೀರಾ ಪುಟ್ಟದಾಗಿದ್ದರೆ 100. ಅದಕ್ಕೂ ಮೇಲೆ ಹೋದರೆ ಗಂಡಸರ ದನಿಯ ಎದೆಯ ಭಾಗ ಸಬ್‌ವೂಫರ್‌ನಿಂದ ಬರಲು ಶುರುವಾಗುತ್ತದೆ. ವಾರ್ತೆ ಓದುವವರು ಟಿವಿಯಲ್ಲಿ, ಅವರ ಹೊಟ್ಟೆ ಕಿಟಕಿ ಕೆಳಗೆ! ಸಬ್‌ವೂಫರ್ ಹಿಂದೆಯೂ ಒಂದು ಕ್ರಾಸ್‌ಓವರ್ ಗುಂಡಿ ಇರುತ್ತದೆ. ಅದನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲವೇ ಎಲ್‌ಎಫ್‌ಇ ಅನ್ನುವ ಸ್ಥಾನದಲ್ಲಿಡಿ. ಇಲ್ಲದಿದ್ದರೆ ಎರಡು ಜರಡಿ ಒಂದರ ಮೇಲೊಂದು ಹಿಡಿದಂತಾಗಿ ಸಬ್‌ವೂಫರೂ ಸ್ಪೀಕರೂ ಕೂಡುವ ಜೋಡಣೆಯ ಜಾಗದಲ್ಲಿ ಸದ್ದಿಗೆ ಹಳ್ಳ ಬೀಳುತ್ತದೆ.

ಈ ಜೋಡಣೆಯ ಜಾಗವೇ ಬಹಳ ಜನ ಬಿಟ್ಟುಬಿಡುವುದು. 80 ಹರ್ಟ್ಜ್ ಹತ್ತಿರ ಸಬ್‌ವೂಫರೂ ಸ್ಪೀಕರೂ ಒಟ್ಟಿಗೆ ಹಾಡುತ್ತವೆ. ಆ ಅಲೆಯ ಉದ್ದ ಸುಮಾರು 14 ಅಡಿ. ಒಂದರ ಸದ್ದು ಇನ್ನೊಂದಕ್ಕಿಂತ ಏಳಡಿಯಷ್ಟು ಹಿಂದೆ ಬಿದ್ದರೆ, ಇದು ತಳ್ಳುವಾಗ ಅದು ಎಳೆಯುತ್ತದೆ. ಎರಡೂ ಸೇರಿ ಸೊನ್ನೆ. ಹೊಸ ಜಾಗದಲ್ಲಿಟ್ಟ ಮೇಲೆ ಇದನ್ನು ನೋಡಲೇಬೇಕು.

ಫೋನಿನಲ್ಲಿ ಟೋನ್ ಕೊಡುವ ಪುಕ್ಕಟೆ ಆ್ಯಪ್‌ಗಳಿವೆ. ಫೋನನ್ನು ರಿಸೀವರ್‌ಗೆ ಜೋಡಿಸಿ ಅದರಿಂದ 80 ಹರ್ಟ್ಜ್ ಹಾಕಿ. ಸಬ್‌ವೂಫರ್ ಹಿಂದೆ ಈ ತಳ್ಳುವ ಎಳೆಯುವ ಹೊಂದಿಕೆ ಬದಲಿಸುವ ಫೇಸ್ ಸ್ವಿಚ್ 0 ಮತ್ತು 180 ಅಂತ ಮಾತ್ರ ಇದ್ದರೆ, ಸೋಫಾದಲ್ಲಿ ಕೂತು ಇನ್ನೊಬ್ಬರಿಗೆ ಅದನ್ನು ಬದಲಿಸಲು ಹೇಳಿ, ಜೋರಾಗಿ ಕೇಳುವ ಕಡೆ ಬಿಡಿ. ತಿರುಗಿಸುವ ಗುಂಡಿ ಇದ್ದರೆ ಒಂದು ಒಳ್ಳೆಯ ಉಪಾಯವಿದೆ. ರಿಸೀವರ್ ಆಫ್ ಮಾಡಿ, ಎರಡೂ ಸ್ಪೀಕರ್‌ಗಳ ಕೆಂಪು ಕಪ್ಪು ವೈರ್ ಅದಲುಬದಲು ಮಾಡಿ. ಮತ್ತೆ ಆನ್ ಮಾಡಿ, ಸದ್ದು ತೀರಾ ಕಮ್ಮಿಯಾಗುವ ತನಕ ಫೇಸ್ ತಿರುಗಿಸಿ. ಜೋರಿನ ತುದಿ ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಸದ್ದು ಸಾಯುವ ಜಾಗ ಥಟ್ಟನೆ ಗೊತ್ತಾಗುತ್ತದೆ. ಆಮೇಲೆ ರಿಸೀವರ್ ಆಫ್ ಮಾಡಿ ವೈರ್ ಮೊದಲಿನಂತೆ ಹಾಕಿದರೆ ಆಯಿತು. ಮರೆಯಬೇಡಿ, ನಾನು ಒಂದು ಸ್ಪೀಕರ್‌ದು ಮರೆತು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ರಿಸೀವರ್‌ನ ಮೈಕ್ ಇಟ್ಟು ತಾನಾಗೇ ಅಳೆಯುವ ವ್ಯವಸ್ಥೆ ಇದ್ದರೆ ಜಾಗ ಬದಲಿಸಿದ ಮೇಲೆ, ಫೇಸ್ ನೋಡುವ ಮುಂಚೆ ಒಮ್ಮೆ ಓಡಿಸಿ. ಸಬ್‌ವೂಫರ್ ಏಳಡಿ ದೂರ ಇದ್ದರೂ ಅದು ಹನ್ನೆರಡು ಅಡಿ ಅಂತ ತೋರಿಸಬಹುದು. ತಪ್ಪು ಅಂದುಕೊಂಡು ಟೇಪು ಹಿಡಿದು ತಿದ್ದಬೇಡಿ. ಸಬ್‌ವೂಫರ್‌ನ ಒಳಗಿನ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ಹೊತ್ತನ್ನೂ ಅದು ದೂರವಾಗಿ ಲೆಕ್ಕ ಹಾಕಿರುತ್ತದೆ. ಅದು ಸ್ಪೀಕರ್‌ಗಳನ್ನು 'ಲಾರ್ಜ್' ಮಾಡಿದ್ದರೆ ಮಾತ್ರ ವಾಪಸ್ 'ಸ್ಮಾಲ್' ಮಾಡಿ.

ವಾಲ್ಯೂಮ್ ಕಡೆಯದು. ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಸಬ್‌ವೂಫರ್ ಅಲ್ಲಿದೆ ಅಂತ ಕಿವಿಗೆ ಗೊತ್ತಾದ ತಕ್ಷಣ ಒಂದು ಚೂರು ಇಳಿಸಿ. ಇಂಗು ಹಾಕಿದ ಸಾರಿನಲ್ಲಿ ಇಂಗೇ ಮೂಗಿಗೆ ಹೊಡೆದರೆ ಜಾಸ್ತಿಯಾಯಿತು ಅಂತ ತಾನೇ ಲೆಕ್ಕ? ಆಫ್ ಮಾಡಿ ನೋಡಿ. ಹಾಡು ಸಣಕಲಾಗಬೇಕು, ಆನ್ ಮಾಡಿದರೆ ಆ ಪುಟ್ಟ ಸ್ಪೀಕರ್‌ಗಳೇ ದೊಡ್ಡವಾದಂತೆ ಕೇಳಬೇಕು.

ಇನ್ನೂ ಉಳಿದ ಏರುಪೇರಿಗೆ ಅಳೆಯುವ ಮೈಕ್ ತೆಗೆದುಕೊಂಡು, ಆರ್‌ಇಡಬ್ಲ್ಯು ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನೋಡಬಹುದು. ಅಲ್ಲಿ ದಿಬ್ಬ ಕಂಡರೆ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ತಗ್ಗಿಸಿ. ಹಳ್ಳ ಕಂಡರೆ ತುಂಬಲು ಹೋಗಬೇಡಿ. 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಆದರೂ ಆ ಹಳ್ಳ ತುಂಬುವುದಿಲ್ಲ.

ಈಗ ಟೇಪು ಹಿಡಿದು ನಿಮ್ಮ ಪಕ್ಕದ ಗೋಡೆಯ ಮಧ್ಯದಲ್ಲಿ ಏನಿದೆ ಅಂತ ನೋಡಿ ಬರೆಯಿರಿ. ಶೂ ಸ್ಟ್ಯಾಂಡ್ ಆಗಿದ್ದರೆ ಸುಲಭ. ಬಾಗಿಲಾಗಿದ್ದರೆ ಎದುರಿನ ಪಕ್ಕದ ಗೋಡೆಯ ಮಧ್ಯವೂ ಅಷ್ಟೇ ಒಳ್ಳೆಯದು. ಅಲ್ಲಿ ದೇವರ ಗೂಡಿದ್ದರೆ ಮಾತ್ರ ಬೇರೆ ಲೆಕ್ಕ ಹಾಕೋಣ.