ಕ್ರೀಡಾ ಪ್ರಶ್ನೋತ್ತರ: ಮಿಕೆಲ್ ಹ್ಯಾನ್ಸೆನ್ ಎಸೆತದ ಗುಟ್ಟು

ಪ್ರಶ್ನೆ: ಡೆನ್ಮಾರ್ಕ್‌ನ ಹ್ಯಾಂಡ್‌ಬಾಲ್ ಆಟಗಾರ ಮಿಕೆಲ್ ಹ್ಯಾನ್ಸೆನ್ ಒಂಬತ್ತು–ಹತ್ತು ಮೀಟರ್ ದೂರದಿಂದಲೇ ಗೋಲು ಹೊಡೆಯುವ ವಿಡಿಯೊ ನೋಡಿದೆ. ಎದುರಿಗೆ ಸಾಲಾಗಿ ಜನ ನಿಂತಿದ್ದರೂ ಚೆಂಡು ಒಳಗೆ ಹೋಗುವುದು ಹೇಗೆ? ಎಲ್ಲವೂ ತೋಳಿನ ಬಲವೇ?

ಉತ್ತರ: ಬರೀ ಬಲವಾಗಿದ್ದರೆ ಚೆಂಡು ಆ ಸಾಲಿಗೇ ಬಡಿದು ವಾಪಸ್ ಬರುತ್ತಿತ್ತು. 1.96 ಮೀಟರ್ ಎತ್ತರದ ಹ್ಯಾನ್ಸೆನ್ ಬಲಗೈ ಆಟಗಾರ, ಅವರ ಜಾಗ ಲೆಫ್ಟ್ ಬ್ಯಾಕ್, ಅಂದರೆ ದಾಳಿಯಲ್ಲಿ ಎಡಬದಿಯಿಂದ ದೂರದ ಎಸೆತ ಎಸೆಯುವ ಸ್ಥಾನ. ಎಡಗಡೆಯಿಂದ ನಡುವಿಗೆ ನುಗ್ಗಿದಾಗ ಬಲಗೈಗೆ ಗೋಲಿನ ಮೂರು ಮೀಟರ್ ಅಗಲವೂ ತೆರೆದುಕೊಳ್ಳುತ್ತದೆ.

ಚೆಂಡನ್ನು ನಿಂತು ಹಿಡಿಯಬಾರದು, ಓಡುತ್ತಲೇ ಹಿಡಿಯಬೇಕು. ಗಾಳಿಯಲ್ಲಿದ್ದಾಗ ಹಿಡಿದರೆ ನೆಲ ಮುಟ್ಟುವ ಮೊದಲ ಪಾದ ಹೆಜ್ಜೆಯ ಲೆಕ್ಕಕ್ಕಿಲ್ಲ. ಅಲ್ಲಿಂದ ಮೂರೇ ಹೆಜ್ಜೆಗೆ ಅವಕಾಶ: ಬಲಗೈಯವರಿಗೆ ಎಡ, ಬಲ, ಎಡ. ಕೊನೆಯ ಎಡಗಾಲಲ್ಲಿ ಚಿಮ್ಮಿ ಎಸೆಯುತ್ತಾರೆಂದು ಲೆಕ್ಕ ಹಾಕಿ ರಕ್ಷಕ ಎರಡೂ ಕೈ ಮೇಲೆತ್ತುತ್ತಾನೆ. ಹ್ಯಾನ್ಸೆನ್ ಕಾಯುವುದು ಅದಕ್ಕೇ. ನೆಲ ಬಿಡದೆ ಕೈ ಇಳಿಸಿ, ಸೊಂಟದ ಮಟ್ಟದಿಂದ ಬೀಸುತ್ತಾರೆ. ರಕ್ಷಕನ ಪಕ್ಕೆಯ ಹತ್ತಿರದಿಂದ ತೂರಿ ಬರುವ ಚೆಂಡು ಗೋಲ್‌ಕೀಪರ್ ಕಣ್ಣಿಗೆ ಬೀಳುವಷ್ಟರಲ್ಲಿ ಅವನ ಕೈಕಾಲು ಚಾಚಲು ಸಮಯವೇ ಉಳಿದಿರುವುದಿಲ್ಲ.

ರಕ್ಷಕ ಕೈ ಎತ್ತದೆ ತಗ್ಗಿ ನಿಂತರೆ? ಆಗ ಮೇಲಿನಿಂದ ಎಸೆತ. ಇಬ್ಬರು ಒಟ್ಟಿಗೆ ಮುಂದೆ ಬಂದರೆ ಅವರ ಬೆನ್ನ ಹಿಂದೆ, ಗೋಲಿನ ಮುಂದಿನ ಆರು ಮೀಟರ್ ಗೆರೆಯ ಬಳಿ ನಿಂತ ಪಿವಟ್ ಆಟಗಾರನಿಗೆ (ರಕ್ಷಕರ ನಡುವೆಯೇ ನಿಲ್ಲುವ ತನ್ನ ತಂಡದ ದಾಳಿಗಾರ) ಪಾಸ್. ಗೋಲುಗಳಿಗಿಂತ ಈ ಪಾಸ್‌ಗಳೇ ಅವರನ್ನು ಬೇರೆ ಬಿರುಸೆಸೆತಗಾರರಿಂದ ಬೇರ್ಪಡಿಸುವುದು ಎನ್ನಬೇಕು.

ಅನುಕರಿಸಲು ಹೋದವರು ಸಾಮಾನ್ಯವಾಗಿ ಕೈಯನ್ನು ಬೇಗ ಇಳಿಸಿಬಿಡುತ್ತಾರೆ. ಗುಟ್ಟು ಬಯಲಾಗಿ ಚೆಂಡು ರಕ್ಷಕನ ತೊಡೆಗೆ ಬಡಿಯುತ್ತದೆ. ಇಲ್ಲವೇ ಅವಕಾಶ ಹುಡುಕುತ್ತ ನಾಲ್ಕನೇ ಹೆಜ್ಜೆ ಇಡುತ್ತಾರೆ, ಚೆಂಡು ಎದುರಾಳಿಗೆ ಹೋಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಹೆಸರೇ ಕೇಳದ ಈ ಆಟಗಾರ ಡೆನ್ಮಾರ್ಕ್‌ನಲ್ಲಿ ಅಷ್ಟೊಂದು ಜನಪ್ರಿಯರಾದದ್ದು ಹೇಗೆ?

ಉತ್ತರ: ಅಲ್ಲಿ ಹ್ಯಾಂಡ್‌ಬಾಲ್ ಮನೆಯ ಆಟ. ಅದರ ಆರಂಭದ ನಿಯಮಗಳನ್ನು ಬರೆದು 1906ರಲ್ಲಿ ಪ್ರಕಟಿಸಿದವರು ಡೆನ್ಮಾರ್ಕ್‌ನ ಶಿಕ್ಷಕ ಹೋಲ್ಗರ್ ನೀಲ್ಸನ್. ಅಲ್ಲಿನ ಮಹಿಳಾ ತಂಡ 1996, 2000, 2004ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದಿತ್ತು. ಪುರುಷರಿಗೆ ಮಾತ್ರ ಅದು ಸಿಕ್ಕಿರಲಿಲ್ಲ. 2016ರಲ್ಲಿ ರಿಯೊದಲ್ಲಿ ಫ್ರಾನ್ಸನ್ನು 28–26ರಿಂದ ಸೋಲಿಸಿ ಆ ಕೊರತೆ ನೀಗಿದಾಗ ತಂಡದ ಮುಂಚೂಣಿಯಲ್ಲಿದ್ದದ್ದು ಹ್ಯಾನ್ಸೆನ್. 2019ರಲ್ಲಿ ತವರಿನ ಹೆರ್ನಿಂಗ್‌ನಲ್ಲಿ ನಾರ್ವೆಯನ್ನು 31–22ರಿಂದ ಮಣಿಸಿ ಮೊದಲ ವಿಶ್ವಕಪ್ ಬಂತು. ಟೂರ್ನಿಯಲ್ಲಿ ಅವರದು 72 ಗೋಲು. ಜಗತ್ತಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಮೂರು ಬಾರಿ: 2011, 2015, 2018. ಉದ್ದ ಕೂದಲು, ಹಣೆಪಟ್ಟಿಯಿಂದಾಗಿ ಟಿವಿ ನೋಡುವವರಿಗೆ ದೂರದಿಂದಲೇ ಗುರುತು ಸಿಗುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಆದರೆ ಜನಪ್ರಿಯತೆಯಿದ್ದ ಮಾತ್ರಕ್ಕೆ ಕ್ಲಬ್ ಉಳಿಯುವುದಿಲ್ಲ. 2011ರಲ್ಲಿ ಅವರ ಎಜಿ ಕೊಪೆನ್‌ಹೇಗನ್ ತಂಡದ ಲೀಗ್ ಫೈನಲ್‌ಗೆ ಪಾರ್ಕೆನ್ ಫುಟ್‌ಬಾಲ್ ಮೈದಾನದಲ್ಲಿ 36,651 ಜನ ಸೇರಿದ್ದರು. ಮರುವರ್ಷವೇ ಕ್ಲಬ್ ದಿವಾಳಿ! ಹ್ಯಾನ್ಸೆನ್ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಸೇರಿ ಅಲ್ಲೇ ಹತ್ತು ವರ್ಷ ಆಡಿದರು.

ಪ್ರಶ್ನೆ: ಈಗಲೂ ಆಡುತ್ತಿದ್ದಾರೆಯೇ?

ಉತ್ತರ: ಇಲ್ಲ. 2022ರಲ್ಲಿ ತಾಯ್ನಾಡಿನ ಆಲ್ಬೋರ್ಗ್ ಕ್ಲಬ್‌ಗೆ ಮರಳಿದರು. 2023ರಲ್ಲಿ ಮಾನಸಿಕ ಒತ್ತಡವೆಂದು ಬಹಿರಂಗವಾಗಿಯೇ ಹೇಳಿ ಕೆಲಕಾಲ ಆಟ ಬಿಟ್ಟಿದ್ದರು. 2024ರ ಒಲಿಂಪಿಕ್ಸ್‌ನಲ್ಲಿ ಜರ್ಮನಿ ವಿರುದ್ಧದ ಫೈನಲ್ ಅವರ ಕೊನೆಯ ಪಂದ್ಯ: 39–26, ಎರಡನೇ ಚಿನ್ನ.