ಸಂಪಾದಕರ ಉತ್ತರ: ಆಡುವ ವಯಸ್ಸಿನಲ್ಲೇ ಆಟ ಬಿಟ್ಟವರು

ಪ್ರೀತಿಯ ಮೇಷ್ಟ್ರೇ,

ನಮಸ್ಕಾರ. ನಿಮ್ಮ ಆರು ಪುಟದ ಪತ್ರ ಕೈಸೇರಿ ಹದಿನೈದು ದಿನವಾಯಿತು. ಬಂದ ಪತ್ರಗಳಿಗೆ ನಾಲ್ಕು ಸಾಲು ಉತ್ತರ ಹಾಕಿ ಮುಂದೆ ಹೋಗುವುದು ನಮ್ಮ ರೂಢಿ. ನಿಮ್ಮ ಪತ್ರಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಈ ಸಲ ಇಡೀ ಪುಟ ನಿಮಗೇ.

ಉಳಿದ ಓದುಗರಿಗೆ ಪತ್ರದ ವಿಷಯ ಹೇಳಿಬಿಡುತ್ತೇನೆ. ಬರೆದವರು ಹಾಸನ ಜಿಲ್ಲೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಣ್ಣಿನ ಕೋರ್ಟಿನಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದವರು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಮಾಯಾ ಮೂರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಅವರಿಗೆ ಬೇಸರ ತಂದಿದೆ. ಗುಂಡೇಟಿನ ಕೇಸೊಂದರಲ್ಲಿ ಅನ್ಯಾಯವಾಗಿ ಜೈಲು ಸೇರಿದ್ದ ಒಬ್ಬರನ್ನು ಬಿಡಿಸಲು ಆಟ ಬಿಟ್ಟವರು ಮಾಯಾ. ಇಪ್ಪತ್ತೊಂಬತ್ತಕ್ಕೇ ಆಟ ಬಿಟ್ಟವರನ್ನು ಹೊಗಳುವುದು ಯಾಕೆ, ಸಮಾಜದ ಕೆಲಸವನ್ನು ನಿವೃತ್ತಿ ಆದಮೇಲೆ ಮಾಡಬಹುದಿತ್ತಲ್ಲ ಎಂದು ಕೇಳಿದ್ದಾರೆ. ಗುಂಡೇಟು ತಿಂದವರ ಬಗ್ಗೆ ನೀವು ಒಂದು ಸಾಲೂ ಬರೆಯಲಿಲ್ಲ ಎಂದಿದ್ದಾರೆ. ಕೊನೆಯ ಪುಟದಲ್ಲಿ ಹೀಗೊಂದು ಮಾತಿದೆ: 'ನನ್ನ ಹುಡುಗಿಯರನ್ನು ಕೋರ್ಟಿನಿಂದ ಎಳೆದುಕೊಂಡು ಹೋದರು. ಈಕೆ ಕೈಯಾರೆ ಬಿಟ್ಟಳು. ಅದು ನನಗೆ ಸಹಿಸಲಾಗಲಿಲ್ಲ.'

ಮೇಷ್ಟ್ರೇ, ಗುಂಡೇಟಿನ ಮಾತು ಮೊದಲು, ಯಾಕೆಂದರೆ ಅಲ್ಲಿ ತಪ್ಪು ನಮ್ಮದೇ. 1997ರಲ್ಲಿ ಮಿಸೌರಿ ರಾಜ್ಯದ ಓಫಾಲನ್ ಎಂಬ ಊರಿನಲ್ಲಿ ಒಬ್ಬರ ಮನೆಗೆ ಕಳ್ಳ ನುಗ್ಗಿದ. ಮನೆಯವರು ವಾಪಸ್ ಬಂದಾಗ ಅವನು ಒಳಗೇ ಇದ್ದ. ಗುಂಡು ಹಾರಿತು. ತಲೆಗೆ ಪೆಟ್ಟು ಬಿದ್ದರೂ ಅವರು ಉಳಿದುಕೊಂಡರು. ತನ್ನ ಮನೆಯೊಳಗೇ ಗುಂಡು ತಿಂದ ಆ ಮನುಷ್ಯನ ನೋವನ್ನು ಲೇಖನದಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ನೀವು ಎತ್ತಿ ತೋರಿಸಿದ್ದು ಒಳ್ಳೆಯದಾಯಿತು.

ಈ ಕೇಸಿನಲ್ಲಿ ಸಿಕ್ಕಿಬಿದ್ದವನು ಜೊನಾಥನ್ ಐರನ್ಸ್. ಆಗ ಅವನಿಗೆ 16 ವರ್ಷ. ಬಡ ಕಪ್ಪು ಹುಡುಗ. ದೊಡ್ಡವರ ಹಾಗೆಯೇ ವಿಚಾರಣೆ ನಡೆಯಿತು. ಜ್ಯೂರಿಯಲ್ಲಿ, ಅಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂತವರೆಲ್ಲ ಬಿಳಿಯರು. ಬೆರಳಚ್ಚು, ರಕ್ತದ ಕಲೆ, ಹೆಜ್ಜೆ ಗುರುತು ಯಾವುದೂ ಅವನ ಕಡೆ ಬೆರಳು ಮಾಡಲಿಲ್ಲ. ಮನೆಯವರು ಅವನೇ ಎಂದರು. ಅವನು ತಪ್ಪೊಪ್ಪಿಕೊಂಡ ಎಂದು ಪೊಲೀಸ್ ಅಧಿಕಾರಿ ಹೇಳಿದರು. ಆ ಮಾತುಕತೆಯ ರೆಕಾರ್ಡಿಂಗ್ ಇರಲಿಲ್ಲ, ಹುಡುಗನ ಪಕ್ಕದಲ್ಲಿ ವಕೀಲರೂ ಇರಲಿಲ್ಲ. ನಾನು ಒಪ್ಪಿಕೊಂಡೇ ಇಲ್ಲ ಎಂದು ಅವನು ಹೇಳುತ್ತಲೇ ಬಂದ. 1998ರಲ್ಲಿ 50 ವರ್ಷ ಶಿಕ್ಷೆಯಾಯಿತು.

ಇನ್ನು ಆಟ. ನೀವು ಜೀವ ತೇದದ್ದು ಅದಕ್ಕೇ, ಹಾಗಾಗಿ ಅದನ್ನು ಸುಮ್ನೆ ಎರಡು ಮಾತಿನಲ್ಲಿ ದಾಟಿ ಹೋಗಲಾರೆ.

ಮಾಯಾ ಹುಟ್ಟಿದ್ದು 1989ರಲ್ಲಿ, ಅದೇ ಮಿಸೌರಿಯ ಜೆಫರ್ಸನ್ ಸಿಟಿಯಲ್ಲಿ. ಅಮ್ಮ ಕ್ಯಾಥರಿನ್ ಒಬ್ಬರೇ ದುಡಿದು ಸಾಕಿದರು. ಮಗು ಒಂದು ಗಳಿಗೆ ಕೂತಲ್ಲಿ ಕೂರುತ್ತಿರಲಿಲ್ಲ. ಮೂರು ವರ್ಷವಿದ್ದಾಗ ಅಮ್ಮ ಮನೆಯ ಬಾಗಿಲಿಗೆ ಒಂದು ಪುಟ್ಟ ರಿಂಗ್ ತೂಗುಹಾಕಿದರು. ನಿಮ್ಮ ಶಾಲೆಯಲ್ಲಿ ಬಡಗಿಯ ಕೈಲಿ ಹಲಗೆ ಹೊಡೆಸಿ, ಹಳೇ ಕಬ್ಬಿಣದ ಪಟ್ಟಿ ಬಗ್ಗಿಸಿ ರಿಂಗ್ ಮಾಡಿಸಿದ ಕತೆ ಬರೆದಿದ್ದೀರಲ್ಲ, ಅದನ್ನು ಓದುವಾಗ ನನಗೆ ಈ ಬಾಗಿಲೇ ಕಣ್ಣಿಗೆ ಬಂತು.

ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ತಂಡ 150 ಪಂದ್ಯ ಗೆದ್ದು 4ರಲ್ಲಿ ಮಾತ್ರ ಸೋತಿತು. ಒಂದು ಹಂತದಲ್ಲಿ ಸತತ 90 ಗೆಲುವು. ಡಬ್ಲ್ಯೂಎನ್‌ಬಿಎ ಎಂದರೆ ಅಮೆರಿಕದ ಮಹಿಳೆಯರ ವೃತ್ತಿಪರ ಲೀಗ್; ಅದರ ತಂಡಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವುದು ಡ್ರಾಫ್ಟ್. 2011ರ ಡ್ರಾಫ್ಟ್‌ನಲ್ಲಿ ಮೊದಲು ಕರೆದದ್ದು ಅವರ ಹೆಸರನ್ನೇ. ಕರೆದ ತಂಡ ಮಿನ್ನೆಸೋಟ ಲಿಂಕ್ಸ್. ಅಲ್ಲಿ ಎಂಟು ಸೀಸನ್ ಆಡಿದರು, ಆರು ಫೈನಲ್, ನಾಲ್ಕು ಟ್ರೋಫಿ. 2014ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ್ತಿ. ಲಂಡನ್ ಮತ್ತು ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ.

2015ರ ಫೈನಲ್‌ನ ಮೂರನೇ ಪಂದ್ಯದ ಕೊನೆಯನ್ನು ನೀವು ಒಮ್ಮೆ ನೋಡಬೇಕು. ಎದುರಾಳಿ ಇಂಡಿಯಾನ ಫೀವರ್ ತಂಡದ ಸ್ವಂತ ಊರು. 77–77. ಗಡಿಯಾರದಲ್ಲಿ ಉಳಿದದ್ದು 1.7 ಸೆಕೆಂಡ್. ಬಾಲ್ ಕೈಗೆ ಬಂದ ಕೂಡಲೇ ಬೇರೆ ಯಾರಾದರೂ ಎಸೆದುಬಿಡುತ್ತಿದ್ದರು. ಮಾಯಾ ಎಸೆಯಲಿಲ್ಲ. ಎಸೆಯುವ ಹಾಗೆ ತೋರಿಸಿದರು. ಎದುರಿನವರು ಮೇಲಕ್ಕೆ ನೆಗೆದರು. ಒಂದೇ ಒಂದು ಡ್ರಿಬಲ್ ಹಾಕಿ ಪಕ್ಕಕ್ಕೆ ಸರಿದು ಮೂರು ಪಾಯಿಂಟಿನ ಗೆರೆಯಾಚೆಯಿಂದ ಎಸೆದರು. ಬಾಲ್ ಇನ್ನೂ ಗಾಳಿಯಲ್ಲಿರುವಾಗಲೇ ಸಮಯ ಮುಗಿದು ಬೋರ್ಡಿನ ಸುತ್ತ ಕೆಂಪು ದೀಪ ಹತ್ತಿತು. ಬಲೆಯೊಳಗೆ ಬಿತ್ತು. 80–77. ಅಷ್ಟು ಕಡಿಮೆ ಸಮಯದಲ್ಲೂ ಗಡಿಬಿಡಿ ಮಾಡದೆ, ಇರುವ ಹೊತ್ತು ಎಷ್ಟು ಎಂದು ಮೈಗೇ ಗೊತ್ತಿರುವುದು ಇದೆಯಲ್ಲ, ಅದನ್ನು ಕಲಿಸಲು ಎಷ್ಟು ಕಷ್ಟ ಅಂತ ನನಗಿಂತ ನಿಮಗೆ ಗೊತ್ತು.

ಇಷ್ಟೆಲ್ಲ ಗೆದ್ದವರು ವರ್ಷಕ್ಕೆ ಎಷ್ಟು ತಿಂಗಳು ಆಡುತ್ತಿದ್ದರು ಎಂಬುದನ್ನೂ ನೋಡಿ. ಬೇಸಿಗೆಯಲ್ಲಿ ಅಮೆರಿಕದ ಲೀಗ್. ಅದು ಮುಗಿದ ಮೇಲೆ ಅಲ್ಲಿನ ಆಟಗಾರ್ತಿಯರು ಬೇರೆ ದೇಶಕ್ಕೆ ಹೋಗಿ ಚಳಿಗಾಲವಿಡೀ ಆಡುತ್ತಿದ್ದರು. ಹೊರಗಿನ ಕ್ಲಬ್‌ಗಳು ಜಾಸ್ತಿ ದುಡ್ಡು ಕೊಡುತ್ತಿದ್ದವು. ಮಾಯಾ ಸ್ಪೇನ್‌ನಲ್ಲಿ ಆಡಿದರು, ಚೀನಾದ ಶಾನ್‌ಷಿಯಲ್ಲಿ ಆಡಿದರು, ರಷ್ಯಾದ ಎಕಟೆರಿನ್‌ಬರ್ಗ್‌ನಲ್ಲಿ ಆಡಿದರು. ನಡುವೆ ದೇಶದ ತಂಡದ ಕ್ಯಾಂಪ್. ವರ್ಷಕ್ಕೆ ಮೂರು ಬೆಳೆ ತೆಗೆದ ಗದ್ದೆಯನ್ನೂ ಒಮ್ಮೆ ಪಾಳು ಬಿಡುತ್ತಾರೆ, ಅಲ್ವಾ? ಎಂಟು ವರ್ಷ ಆ ಮೈಗೆ ಬಿಡುವು ಸಿಕ್ಕಿದ್ದು ಕಡಿಮೆ. ಪ್ರತಿಭೆ ವ್ಯರ್ಥವಾಯಿತು ಎಂದು ನೀವು ಬರೆದಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ. ಬೇರೆಯವರು ಹದಿನೈದು ವರ್ಷದಲ್ಲಿ ಆಡುವುದನ್ನು ಅವರು ಎಂಟರಲ್ಲಿ ಆಡಿಬಿಟ್ಟಿದ್ದರು.

ಐರನ್ಸ್ ಪರಿಚಯ ಆದದ್ದು ಯಾವಾಗ ಗೊತ್ತೇ? 2007ರಲ್ಲಿ, ಕಾಲೇಜಿಗೆ ಹೋಗುವುದಕ್ಕೂ ಮೊದಲು. ಮಾಯಾಗೆ ಹದಿನೆಂಟು. ಅವರ ಅಜ್ಜನ ಪೀಳಿಗೆಯ ಬಂಧು ಹ್ಯೂ ಫ್ಲವರ್ಸ್ ಚರ್ಚಿನ ಕಡೆಯಿಂದ ಜೆಫರ್ಸನ್ ಸಿಟಿಯ ಜೈಲಿಗೆ ಹೋಗಿಬರುತ್ತಿದ್ದರು. ಅಲ್ಲಿ ಈ ಹುಡುಗನನ್ನು ಕಂಡು ಹಚ್ಚಿಕೊಂಡರು. ಮಾಯಾ ಅವರ ಗಾಡ್‌ಫಾದರ್, ಅಂದರೆ ಚರ್ಚಿನ ಪದ್ಧತಿಯಲ್ಲಿ ತಂದೆಯ ಸ್ಥಾನದಲ್ಲಿರುವ ರೆಜಿ ವಿಲಿಯಮ್ಸ್ ಕೇಸಿನ ಕಾಗದಗಳನ್ನು ಒಂದೊಂದಾಗಿ ಓದತೊಡಗಿದರು. ಮನೆ ತುಂಬ ಹರಡಿಕೊಂಡಿದ್ದ ಆ ಕಾಗದ ಕಂಡು ಇದೇನು ಎಂದು ಕೇಳಿದಾಗ ಮಾಯಾಗೆ ವಿಷಯ ಗೊತ್ತಾಯಿತು. ಓದುತ್ತ ಹೋದ ಹಾಗೆ ವಿಲಿಯಮ್ಸ್ ಕೈಗೆ ಬೆರಳಚ್ಚಿನ ವರದಿಯೊಂದು ಸಿಕ್ಕಿತು. ಕಳ್ಳ ಓಡಿಹೋದ ದಾರಿಯ ಬಾಗಿಲಿನ ಒಳಬದಿಯಲ್ಲಿ ಒಂದು ಬೆರಳಚ್ಚು ಇತ್ತು. ಅದು ಮನೆಯವರದಲ್ಲ. ಐರನ್ಸ್‌ದೂ ಅಲ್ಲ. ಆ ವರದಿಯನ್ನು ಹುಡುಗನ ವಕೀಲರಿಗೆ ಕೊಟ್ಟಿರಲೇ ಇಲ್ಲ.

ಮೇಷ್ಟ್ರೇ, ಒಂದೇ ಒಂದು ಹಾಳೆ. ಅದೊಂದು ಹಾಳೆ ಸರಿಯಾದ ಮೇಜಿನ ಮೇಲೆ ಬರದೆ ಒಬ್ಬ ಹುಡುಗನ ಪ್ರಾಯವೆಲ್ಲ ಕಂಬಿಯ ಹಿಂದೆ ಕಳೆಯಿತು. ಈ ಭಾಗವನ್ನು ತಿದ್ದುವಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹನ್ನೆರಡು ವರ್ಷ ಮಾಯಾ ಆಡುತ್ತಲೇ ಈ ಕೆಲಸಕ್ಕೂ ಕೈಜೋಡಿಸಿದರು. ಜೈಲಿಗೆ ಹೋಗಿಬಂದರು, ಪತ್ರ ಬರೆದರು, ವಕೀಲರ ಖರ್ಚಿಗೆ ಹಣ ಹಾಕಿದರು. 2016ರ ಜುಲೈಯಲ್ಲಿ ಲಿಂಕ್ಸ್ ತಂಡದ ಊರಿನ ಹತ್ತಿರವೇ ಫಿಲ್ಯಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ಯುವಕ ಪೊಲೀಸರ ಗುಂಡಿಗೆ ಬಲಿಯಾದರು. ಮೂರು ದಿನದ ಮೇಲೆ ಮಾಯಾ ಸೇರಿ ಲಿಂಕ್ಸ್ ನಾಯಕಿಯರು ಅವರ ಹೆಸರಿದ್ದ ಕಪ್ಪು ಟೀ ಶರ್ಟ್ ಹಾಕಿಕೊಂಡು ಕೋರ್ಟಿಗೆ ಬಂದರು. ಅದೇ ವಾರ ಡಲ್ಲಾಸ್‌ನಲ್ಲಿ ಐವರು ಪೊಲೀಸರು ಕೊಲೆಯಾಗಿದ್ದರು. ಅದೇ ಶರ್ಟಿನ ಮೇಲೆ ಡಲ್ಲಾಸ್ ಪೊಲೀಸರ ಲಾಂಛನವನ್ನೂ ಹಾಕಿಸಿದ್ದರು. ಆದರೂ ಕಾವಲಿಗೆ ಬಂದಿದ್ದ ನಾಲ್ವರು ಪೊಲೀಸರು ಕೆಲಸ ಬಿಟ್ಟು ಹೊರಟುಹೋದರು.

ಮುಂದೆ ಮಾಯಾ ಶುರುಮಾಡಿದ ಸಂಸ್ಥೆಯ ಹೆಸರು ವಿನ್ ವಿತ್ ಜಸ್ಟಿಸ್. ಅದು ಜನರಿಗೆ ತಿಳಿಸಹೊರಟದ್ದು ಪ್ರಾಸಿಕ್ಯೂಟರ್‌ಗಳ, ಅಂದರೆ ಸರ್ಕಾರದ ಪರವಾಗಿ ಕೇಸು ನಡೆಸುವ ವಕೀಲರ ಅಧಿಕಾರದ ಬಗ್ಗೆ. ಯಾರ ಮೇಲೆ ಕೇಸು ಹಾಕಬೇಕು, ಯಾವ ಸಾಕ್ಷ್ಯ ಮುಂದಿಡಬೇಕು ಎನ್ನುವುದು ಅವರ ಕೈಯಲ್ಲಿರುತ್ತದೆ. ನಮ್ಮಲ್ಲಿ ಸರ್ಕಾರ ನೇಮಿಸುತ್ತದೆ, ಅಲ್ಲಿ ಬಹುತೇಕ ಕಡೆ ಜನರೇ ಓಟು ಹಾಕಿ ಆರಿಸುತ್ತಾರೆ. ಓಟು ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ ಎಂದು ಜನರಿಗೆ ಹೇಳಿಕೊಡುವುದು ನನಗೆ ಬಹಳ ಹಿಡಿಸಿತು. ಚೆಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಸೇವೆ ಎಲ್ಲ ಕಡೆ ಇದೆ. ಇದು ಬೇರೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ನಿವೃತ್ತಿಯ ತನಕ ಯಾಕೆ ಕಾಯಲಿಲ್ಲ? 2019ರ ಫೆಬ್ರವರಿಯಲ್ಲಿ ಮಾಯಾ ಆ ಸೀಸನ್ ಆಡುವುದಿಲ್ಲ ಎಂದರು. ಮರುವರ್ಷವೂ ಇಲ್ಲ ಎಂದರು, ಟೋಕಿಯೊ ಒಲಿಂಪಿಕ್ಸ್‌ಗೂ ಬರುವುದಿಲ್ಲ ಎಂದರು. ಐರನ್ಸ್ ಪರವಾಗಿ ಹೊಸ ಅರ್ಜಿ ನ್ಯಾಯಾಲಯದ ಮುಂದಿತ್ತು. 2020ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಡೇನಿಯಲ್ ಗ್ರೀನ್ ಆ ಬೆರಳಚ್ಚಿನ ವರದಿಯನ್ನೇ ಮುಖ್ಯವಾಗಿ ಹಿಡಿದು ತೀರ್ಪು ರದ್ದು ಮಾಡಿದರು. ರಾಜ್ಯ ಸರ್ಕಾರದ ಮೇಲ್ಮನವಿಗಳು ಬಿದ್ದುಹೋದವು. ಮತ್ತೆ ಕೇಸು ನಡೆಸುವುದಿಲ್ಲ ಎಂದು ಪ್ರಾಸಿಕ್ಯೂಟರ್ ಕೈಬಿಟ್ಟರು. ಜುಲೈ 1ರಂದು ಐರನ್ಸ್ ಜೈಲಿನ ಬಾಗಿಲು ದಾಟಿ ಬಂದಾಗ ಅವರಿಗೆ 40. ಮಾಯಾ ಅಲ್ಲೇ ನಿಂತಿದ್ದವರು ಮುಖ ಮುಚ್ಚಿಕೊಂಡು ನೆಲಕ್ಕೆ ಮಂಡಿಯೂರಿದರು. ಆ ವೀಡಿಯೊದಲ್ಲಿ ಮಾತಿಲ್ಲದ ಆ ಕೆಲವು ಗಳಿಗೆಯನ್ನು ಕಣ್ಣು ಒದ್ದೆಯಾಗದೆ ನೋಡಲು ನನ್ನಿಂದ ಆಗಿಲ್ಲ.

ಮಾಯಾ ಮೂವತ್ತೈದರ ತನಕ ಆಡಬಹುದಿತ್ತು. ಇನ್ನೆರಡು ಟ್ರೋಫಿಯೂ ಬರುತ್ತಿತ್ತೇನೋ. ಆ ಒಂದೊಂದು ಸೀಸನ್ ಕೂಡ ಒಳಗಿದ್ದವರ ಲೆಕ್ಕದಲ್ಲಿ ಜೈಲಿನ ಇನ್ನೊಂದು ವರ್ಷ. 1.7 ಸೆಕೆಂಡಿನ ಬೆಲೆ ಗೊತ್ತಿದ್ದವರಿಗೆ ಇದು ಗೊತ್ತಾಗದೆ ಇರುತ್ತದೆಯೇ?

2020ರಲ್ಲೇ ಮಾಯಾ ಮತ್ತು ಐರನ್ಸ್ ಮದುವೆಯಾದರು. 2022ರಲ್ಲಿ ಮಗ ಹುಟ್ಟಿದ. 2023ರ ಜನವರಿಯಲ್ಲಿ ಮಾಯಾ ನಿವೃತ್ತಿ ಹೇಳಿದರು. 2024ರ ಆಗಸ್ಟ್‌ನಲ್ಲಿ ಲಿಂಕ್ಸ್ ತಂಡ ಅವರ 23ನೇ ನಂಬರಿನ ಜರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಮೇಲೆ ಕಟ್ಟಿತು. ಆಟ ಬಿಟ್ಟು ಹೋದರು ಎಂದು ಆ ಊರಿನವರು ಮುನಿಸಿಕೊಳ್ಳಲಿಲ್ಲ, ಮೇಷ್ಟ್ರೇ.

ನಿಮ್ಮ ಹುಡುಗಿಯರ ಮಾತಿಗೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿದ ವಾರವೇ ಗಂಡು ಗೊತ್ತಾದ ಹುಡುಗಿ. ಚಡ್ಡಿ ಹಾಕಿ ಆಡಬೇಡ ಎಂದು ಅಣ್ಣ ಶೂ ಬಚ್ಚಿಟ್ಟ ಹುಡುಗಿ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿ, ಬಸ್ ಹತ್ತುವ ದಿನ ಮನೆಯಿಂದ ಹೊರಗೇ ಬರದ ಹುಡುಗಿ. ನೀವು ಅವರ ಮನೆಬಾಗಿಲಿಗೆ ಹೋಗಿ ಅಪ್ಪಂದಿರ ಕಾಲು ಹಿಡಿಯುವುದೊಂದು ಬಾಕಿ ಎಂಬಷ್ಟು ಬೇಡಿಕೊಂಡಿರಿ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳಾ ತಂಡ ಏಷ್ಯಾ ಕಪ್‌ನ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು ಎರಡೇ ಪಾಯಿಂಟಿನಿಂದ ಸೋಲಿಸಿದಾಗ ನೀವು ಗ್ಯಾಲರಿಯಲ್ಲಿದ್ದಿರಿ. ಎಲ್ಲರೂ ಕುಣಿಯುತ್ತಿದ್ದಾಗ ನಿಮಗೆ ನಿಮ್ಮ ತಂಡದ ಆ ಎಂಟು ಹುಡುಗಿಯರು ನೆನಪಾದರು ಎಂದು ಬರೆದಿದ್ದೀರಿ. ಸಿಕ್ಕದ್ದನ್ನು ಒಬ್ಬರು ಬಿಟ್ಟರೆ, ಸಿಗದೇ ಹೋದವರನ್ನು ಕಂಡ ನಿಮಗೆ ಹೊಟ್ಟೆ ಉರಿಯುವುದು ಸಹಜ.

ಆದರೆ ನಿಮ್ಮ ಹುಡುಗಿಯರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮಾಯಾ ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ಆಡುತ್ತೇನೆ ಎಂದಾಗಲೂ ಅವರದೇ ತೀರ್ಮಾನ, ಸಾಕು ಎಂದಾಗಲೂ ಅವರದೇ. ನೀವು ಅಪ್ಪಂದಿರ ಹತ್ತಿರ ಇಷ್ಟನ್ನೇ ಕೇಳಿದ್ದಲ್ಲವೇ, ಹುಡುಗಿ ಹೇಳಿದ ಹಾಗೆ ಆಗಲಿ ಎಂದು? ನಾವು ಆ ಲೇಖನ ಹಾಕಿದ್ದೂ ಅದಕ್ಕೇ.

ಪತ್ರದ ಜೊತೆ ಕಳಿಸಿದ ಕಪ್ಪು ಬಿಳುಪು ಫೋಟೊ ಈಗ ನನ್ನ ಮೇಜಿನ ಮೇಲಿದೆ. ಎಂಟು ಹುಡುಗಿಯರು, ಆರು ಜೊತೆ ಕ್ಯಾನ್ವಾಸ್ ಶೂ, ಇಬ್ಬರದು ಬರಿಗಾಲು. ತುದಿಯಲ್ಲಿ ನಿಂತವಳು ಬಾಲನ್ನು ಸೊಂಟಕ್ಕೆ ಒತ್ತಿಕೊಂಡು ಕ್ಯಾಮೆರಾ ಬಿಟ್ಟು ರಿಂಗ್ ಕಡೆಗೇ ನೋಡುತ್ತಿದ್ದಾಳೆ. ಮುಂದಿನ ಸಂಚಿಕೆಯಲ್ಲಿ ಇದನ್ನು ದೊಡ್ಡದಾಗಿ ಹಾಕುತ್ತೇವೆ. ಇದರಲ್ಲಿರುವವರು ಯಾರಾದರೂ ನೋಡಿದರೆ, ಈಗ ನಲವತ್ತು ದಾಟಿರುವ ಆ ಅಕ್ಕಂದಿರು ತಮ್ಮ ಕತೆ ತಾವೇ ಬರೆದು ಕಳಿಸಲಿ, ಎಷ್ಟು ಪುಟವಾದರೂ ಸರಿ. ಮೂಲ ಫೋಟೊವನ್ನು ಸ್ಕ್ಯಾನ್ ಮಾಡಿಸಿ, ಮಡಿಸದಂತೆ ರಟ್ಟು ಇಟ್ಟು, ಸೋಮವಾರ ಸ್ಪೀಡ್ ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತೇವೆ.

ನಿಮ್ಮ,
ಸಂಪಾದಕ